ಚಲನಚಿತ್ರೋತ್ಸವದ ಒಂದು ದಿನ: ವಿಶ್ವಸಿನಿಮಾ ವೀಕ್ಷಣೆಯ ಕಾಲ, ಕ್ರಮ ಮತ್ತು ಭಾಷೆ

ಚಲನಚಿತ್ರಗಳನ್ನು ಕುರಿತ ಬರವಣಿಗೆ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಸಾಗಿದೆ. ವಿಮರ್ಶಕನು ಒಂದು ಚಿತ್ರವನ್ನು ಬಿಡಿಯಾಗಿ ಎತ್ತಿಕೊಂಡು ಅದರ ವಸ್ತು, ಬಂಧ, ದೃಶ್ಯಭಾಷೆಗಳನ್ನು ಪರಿಶೀಲಿಸುತ್ತಾನೆ. ಇತಿಹಾಸಕಾರನು ಉತ್ಸವಗಳು ಆರಂಭವಾದ ವರ್ಷ, ಪ್ರಶಸ್ತಿ ಪಡೆದ ಚಿತ್ರಗಳ ಪಟ್ಟಿ, ತೀರ್ಪುಗಾರರ ಹೆಸರು ಮೊದಲಾದವನ್ನು ದಾಖಲಿಸುತ್ತಾನೆ. ಈ ಎರಡರ ನಡುವೆ ಬಿಟ್ಟುಹೋಗಿರುವ ಸಂಗತಿಯೊಂದಿದೆ. ಉತ್ಸವಕ್ಕೆ ಬಂದ ಪ್ರೇಕ್ಷಕನು ಚಿತ್ರವನ್ನು ಬಿಡಿಯಾಗಿ ನೋಡುವುದಿಲ್ಲ. ಉತ್ಸವವನ್ನು ಇಡಿಯಾಗಿ ನೋಡುವುದು ಅವನಿಗೆ ಸಾಧ್ಯವೂ ಇಲ್ಲ. ಅವನ ಪಾಲಿಗೆ ಬರುವುದು ಒಂದೊಂದು ದಿನ. ಬೆಳಿಗ್ಗೆ ಹಂಗೇರಿ, ಮಧ್ಯಾಹ್ನ ಇರಾನ್, ಇಳಿಹೊತ್ತಿಗೆ ಜಪಾನ್, ರಾತ್ರಿ ಅರ್ಜೆಂಟೀನ ಎಂಬಂತೆ ನಾಲ್ಕೈದು ದೇಶಗಳು, ನಾಲ್ಕೈದು ಭಾಷೆಗಳು ಒಂದೇ ಹಗಲಿನಲ್ಲಿ ಅವನ ಕಣ್ಣ ಮುಂದೆ ಹಾದುಹೋಗುತ್ತವೆ. ವಿಶ್ವಸಿನಿಮಾ ನಮ್ಮಲ್ಲಿ ಹೇಗೆ ಬಂದು ನೆಲೆಗೊಂಡಿತು ಎಂಬುದನ್ನು ತಿಳಿಯಲು ಈ ದಿನವನ್ನೇ ಅಧ್ಯಯನದ ಘಟಕವನ್ನಾಗಿ ಇಟ್ಟುಕೊಳ್ಳುವುದು ಉಪಯುಕ್ತ.

‘ವಿಶ್ವಸಿನಿಮಾ’ ಎಂಬ ಮಾತಿನ ಬಳಕೆಯೇ ಕುತೂಹಲಕರವಾದುದು. ಹಾಲಿವುಡ್ಡಿನ ಚಿತ್ರಗಳು ಜಗತ್ತಿನ ಮೂಲೆಮೂಲೆಯನ್ನು ತಲುಪಿದರೂ ಅವನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ತನ್ನ ದೇಶದಲ್ಲೇ ಹೆಚ್ಚು ಜನ ನೋಡಿರದ ಚಿತ್ರವೊಂದು ಉತ್ಸವದ ಪಟ್ಟಿಗೆ ಸೇರಿದ ಕೂಡಲೇ ವಿಶ್ವಸಿನಿಮಾ ಆಗಿಬಿಡುತ್ತದೆ. ಅಂದರೆ ಈ ಹೆಸರು ಚಿತ್ರದ ಗುಣಕ್ಕಿಂತ ಹೆಚ್ಚಾಗಿ ಅದನ್ನು ನೋಡುವ ಸಂದರ್ಭಕ್ಕೆ ಸಂಬಂಧಿಸಿದ್ದು. ಇಂದು ಇಂತಹ ಅನೇಕ ಚಿತ್ರಗಳು ಮನೆಯ ಪರದೆಯ ಮೇಲೂ ದೊರೆಯುತ್ತವೆ. ಆದರೆ ಅಲ್ಲಿ ಚಿತ್ರವನ್ನು ನಿಲ್ಲಿಸಬಹುದು, ಮುಂದೂಡಬಹುದು, ಅರ್ಧಕ್ಕೆ ಬಿಟ್ಟು ಊಟಕ್ಕೆ ಏಳಬಹುದು. ಉತ್ಸವದ ದಿನ ಯಾರ ಅನುಕೂಲಕ್ಕೂ ಕಾಯುವುದಿಲ್ಲ.

ಮೊದಮೊದಲು ಉತ್ಸವಕ್ಕೆ ಇಷ್ಟು ತುಂಬಿದ ಹಗಲು ಇರಲಿಲ್ಲ. 1932ರ ಆಗಸ್ಟ್ ತಿಂಗಳಲ್ಲಿ ವೆನಿಸ್ಸಿನ ಲಿಡೊ ದ್ವೀಪದ ಎಕ್ಸೆಲ್ಸಿಯರ್ ಹೋಟೆಲಿನ ತೆರೆದ ಜಗಲಿಯ ಮೇಲೆ ಪ್ರದರ್ಶನಗಳು ನಡೆದಾಗ ಅದು ಪ್ರವಾಸಿಗರ ಸಂಜೆಯ ಕಾರ್ಯಕ್ರಮವಾಗಿತ್ತು. ಕಾನ್ ಉತ್ಸವವು 1939ರ ಸೆಪ್ಟೆಂಬರಿನಲ್ಲಿ ಆರಂಭವಾಗಬೇಕಿದ್ದು, ಯುದ್ಧದ ಕಾರಣದಿಂದ ನಿಂತುಹೋಗಿ, 1946ರಲ್ಲಿ ನಡೆಯಿತು. ಚೇತನ್ ಆನಂದ್ ಅವರ ‘ನೀಚಾ ನಗರ್’ ಆ ವರ್ಷ ಅಲ್ಲಿ ಹಿರಿಯ ಬಹುಮಾನವನ್ನು ಬೇರೆ ಚಿತ್ರಗಳೊಂದಿಗೆ ಹಂಚಿಕೊಂಡಿತು. ಲೊಕಾರ್ನೊ, ಕಾರ್ಲೊವಿ ವಾರಿ ಉತ್ಸವಗಳೂ ಅದೇ ವರ್ಷದವು, ಬರ್ಲಿನ್ 1951ರದು. ಹೀಗೆ ಯುದ್ಧಾನಂತರದ ಐದಾರು ವರ್ಷಗಳಲ್ಲಿ ಉತ್ಸವಗಳು ಹೆಚ್ಚಿದವು, ಬರುವ ಚಿತ್ರಗಳು ಹೆಚ್ಚಿದವು, ಸಂಜೆಯಷ್ಟೇ ಸಾಲದೆ ಬೆಳಿಗ್ಗೆ ಮಧ್ಯಾಹ್ನಗಳೂ ತುಂಬಿಕೊಂಡವು.

ಈ ಬದಲಾವಣೆಯನ್ನು ಮೊದಲು ಗುರುತಿಸಿ ಬರೆದವರಲ್ಲಿ ಫ್ರಾನ್ಸಿನ ವಿಮರ್ಶಕ ಆಂದ್ರೆ ಬಾಜಿನ್ ಮುಖ್ಯರು. 1955ರಲ್ಲಿ ‘ಕಾಯೆ ದು ಸಿನೆಮಾ’ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಅವರು ಕಾನ್ ಉತ್ಸವವನ್ನು ಒಂದು ಧಾರ್ಮಿಕ ಪಂಥಕ್ಕೆ ಹೋಲಿಸಿದರು. ವಿಮರ್ಶಕರು ಕೆಲವು ದಿನಗಳ ಮಟ್ಟಿಗೆ ಲೌಕಿಕವನ್ನು ತೊರೆದು ಒಂದೆಡೆ ಸೇರುತ್ತಾರೆ, ಉತ್ಸವದ ಭವನವೇ ಅವರ ಮಠ, ಹೊತ್ತುಹೊತ್ತಿಗೆ ಪ್ರಾರ್ಥನೆಗೆ ಹೋಗುವಂತೆ ಹೊತ್ತುಹೊತ್ತಿಗೆ ಪ್ರದರ್ಶನಕ್ಕೆ ಹೋಗುತ್ತಾರೆ, ಉಡುಪಿಗೂ ನಿಯಮವಿದೆ. ನಮ್ಮ ಕಡೆಯ ಮಾತಿನಲ್ಲಿ ಇದನ್ನು ತ್ರಿಕಾಲಪೂಜೆಯ ಶಿಸ್ತು ಎನ್ನಬಹುದು. ಲೇಖನದ ಧಾಟಿ ಪರಿಹಾಸ್ಯದ್ದಾದರೂ ಅದರೊಳಗಿನ ಒಳನೋಟ ಗಂಭೀರವಾದುದು. ಮಠದಲ್ಲಿ ದಿನಚರಿಯೇ ಸಾಧನೆಯಾಗುವಂತೆ ಉತ್ಸವದಲ್ಲಿ ವೇಳಾಪಟ್ಟಿಯೇ ನೋಟವನ್ನು ರೂಪಿಸುತ್ತದೆ ಎಂಬುದನ್ನು ಬಾಜಿನ್ ಕಂಡಿದ್ದರು.

ಅದಾದ ಮರುವರ್ಷವೇ ಇದಕ್ಕೊಂದು ನಿದರ್ಶನ ದೊರೆಯಿತು. ಅದು ಭಾರತಕ್ಕೆ ಸಂಬಂಧಿಸಿದ್ದು. 1956ರ ಕಾನ್ ಉತ್ಸವದಲ್ಲಿ ಸತ್ಯಜಿತ್ ರೇ ಅವರ ‘ಪಥೇರ್ ಪಾಂಚಾಲಿ’ ಪ್ರದರ್ಶನಗೊಂಡಾಗ ಸಭಾಂಗಣದಲ್ಲಿ ಜನ ವಿರಳವಾಗಿದ್ದರು. ಅದೇ ಹೊತ್ತಿಗೆ ಏರ್ಪಟ್ಟಿದ್ದ ಔತಣವೊಂದು ಬಹುಮಂದಿಯನ್ನು ಸೆಳೆದಿತ್ತು. ಚಿತ್ರವನ್ನು ನೋಡಿದ್ದ ಕೆಲವೇ ವಿಮರ್ಶಕರು, ಬಾಜಿನ್ ಅವರೂ ಸೇರಿದಂತೆ, ಪಟ್ಟುಹಿಡಿದದ್ದರಿಂದ ಮರುಪ್ರದರ್ಶನ ನಡೆದು, ಮಾನವೀಯ ದಾಖಲೆಯೆಂಬ ನೆಲೆಯಲ್ಲಿ ಅದಕ್ಕೆ ಪ್ರಶಸ್ತಿ ಬಂದಿತು. ಮೊದಲ ಪ್ರದರ್ಶನಕ್ಕೂ ಎರಡನೆಯದಕ್ಕೂ ನಡುವೆ ಚಿತ್ರದಲ್ಲಿ ಒಂದು ಚೌಕಟ್ಟೂ ಬದಲಾಗಿರಲಿಲ್ಲ. ಬದಲಾದದ್ದು ಗಳಿಗೆ. 1960ರಲ್ಲಿ ಅಂತೋನಿಯೋನಿಯ ‘ಲವೆಂತೂರ’ ಚಿತ್ರವನ್ನು ಅದೇ ಊರಿನ ಪ್ರೇಕ್ಷಕರು ಕೂಗಿ, ನಕ್ಕು ಅವಮಾನಿಸಿದರು. ಅದರ ಬೆನ್ನಿಗೇ ನಿರ್ದೇಶಕರೂ ವಿಮರ್ಶಕರೂ ಸಹಿ ಮಾಡಿದ ಬೆಂಬಲದ ಹೇಳಿಕೆ ಹೊರಬಂದಿತು. ಕೊನೆಗೆ ತೀರ್ಪುಗಾರರ ಬಹುಮಾನವೂ ಲಭಿಸಿತು. ಒಂದು ರಾತ್ರಿಯ ತೀರ್ಪನ್ನು ಮುಂದಿನ ದಿನಗಳು ತಿದ್ದಿದ ಈ ಪ್ರಸಂಗವು ಉತ್ಸವದ ದಿನವೆಂಬುದು ಎಷ್ಟು ಚಂಚಲವಾದ ನ್ಯಾಯಾಲಯ ಎಂಬುದನ್ನು ತೋರಿಸುತ್ತದೆ.

ಭಾರತದಲ್ಲಿ ಮೊದಲ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ 1952ರ ಜನವರಿ 24ರಂದು ಮುಂಬಯಿಯಲ್ಲಿ ಆರಂಭವಾಯಿತು. ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ ಇದರ ಹೊಣೆ ಹೊತ್ತಿತ್ತು. ಇಪ್ಪತ್ತಮೂರು ದೇಶಗಳಿಂದ ಸುಮಾರು 40 ಕಥಾಚಿತ್ರಗಳೂ ನೂರರಷ್ಟು ಕಿರುಚಿತ್ರಗಳೂ ಬಂದವು. ಉತ್ಸವ ಮುಂಬಯಿಯಲ್ಲೇ ಮುಗಿಯದೆ ಮದ್ರಾಸು, ದೆಹಲಿ, ಕಲ್ಕತ್ತೆಗಳಿಗೂ ಪ್ರಯಾಣ ಮಾಡಿತು. ಭಾರತದ ಪರವಾಗಿ ಹಿಂದಿಯ ‘ಆವಾರಾ’, ತೆಲುಗಿನ ‘ಪಾತಾಳ ಭೈರವಿ’, ಮರಾಠಿಯ ‘ಅಮರ್ ಭೂಪಾಳಿ’, ಬಂಗಾಳಿಯ ‘ಬಾಬ್ಲಾ’ ಇದ್ದವು. ಕನ್ನಡದ ಚಿತ್ರ ಈ ನಾಲ್ಕರಲ್ಲಿ ಇರಲಿಲ್ಲ. ಆದರೆ ಉತ್ಸವದ ನಿಜವಾದ ಘಟನೆಯೆಂದರೆ ಇಟಲಿಯ ಚಿತ್ರಗಳು: ರೊಸೆಲಿನಿಯ ‘ರೋಮ್, ಓಪನ್ ಸಿಟಿ’, ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ ಮತ್ತು ‘ಮಿರಾಕಲ್ ಇನ್ ಮಿಲಾನ್’. ಸ್ಟುಡಿಯೊದ ಬಣ್ಣಬಳಿದ ಗೋಡೆಗಳ ನಡುವೆ ಕೆಲಸ ಮಾಡುತ್ತಿದ್ದ ಭಾರತೀಯ ಚಿತ್ರೋದ್ಯಮಿಗಳು ನಿಜವಾದ ಬೀದಿಯಲ್ಲಿ, ನಟನೆಯ ತರಬೇತಿಯೇ ಇಲ್ಲದ ಮುಖಗಳಿಂದ ಇಷ್ಟು ಆರ್ದ್ರವಾದ ಚಿತ್ರವನ್ನು ಮಾಡಬಹುದೆಂಬುದನ್ನು ಕಣ್ಣಾರೆ ಕಂಡರು. ಬಿಮಲ್ ರಾಯ್ ಅವರ ಬಳಗ ಈ ನೋಟದಿಂದ ಪ್ರೇರಣೆ ಪಡೆದು 1953ರಲ್ಲಿ ‘ದೋ ಬಿಘಾ ಜಮೀನ್’ ತೆರೆಗೆ ತಂದಿತು. ರೇ ಅವರು ಡಿ ಸಿಕಾ ಚಿತ್ರವನ್ನು ಇದಕ್ಕೂ ಮೊದಲೇ, 1950ರಲ್ಲಿ, ಲಂಡನ್ನಿನಲ್ಲಿ ನೋಡಿದ್ದರು. ಅಲ್ಲಿ ಕಳೆದ ಕೆಲವೇ ತಿಂಗಳಲ್ಲಿ ಅವರು ನೋಡಿದ ಚಿತ್ರಗಳ ಸಂಖ್ಯೆ ನೂರರ ಸಮೀಪದ್ದು. ಅದು ಒಬ್ಬನೇ ವ್ಯಕ್ತಿ ತನಗಾಗಿ ನಡೆಸಿಕೊಂಡ ಉತ್ಸವವೆಂದರೂ ಸಲ್ಲುತ್ತದೆ.

ಬೆಂಗಳೂರಿಗೆ ಕೇಂದ್ರ ಸರ್ಕಾರದ ಉತ್ಸವ 1980ರಲ್ಲಿ ‘ಫಿಲ್ಮೋತ್ಸವ’ವೆಂಬ ಹೆಸರಿನಲ್ಲಿ ಬಂದಿತು, 1992ರಲ್ಲಿ ಮತ್ತೊಮ್ಮೆ ಬಂದಿತು. ಅದಕ್ಕೂ ಹಿಂದೆ ಇಂತಹ ಚಿತ್ರಗಳನ್ನು ಇಲ್ಲಿಗೆ ತಂದವು ಫಿಲ್ಮ್ ಸೊಸೈಟಿಗಳು. 1971ರಲ್ಲಿ ಆರಂಭವಾದ ಸುಚಿತ್ರ ಅವುಗಳಲ್ಲಿ ಗಣ್ಯವಾದುದು. 2006ರಿಂದ ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ನಡೆಯತೊಡಗಿತು. ಕರ್ನಾಟಕ ಚಲನಚಿತ್ರ ಅಕಾಡೆಮಿ 2009ರಲ್ಲಿ ಸ್ಥಾಪನೆಯಾದ ಮೇಲೆ ಉತ್ಸವದ ಹೊಣೆ ಕ್ರಮೇಣ ಅದರದಾಯಿತು. ಇತ್ತೀಚಿನ ಆವೃತ್ತಿಗಳಲ್ಲಿ ಸುಮಾರು ಒಂದು ವಾರದ ಅವಧಿಗೆ ಇನ್ನೂರರ ಆಸುಪಾಸಿನ ಚಿತ್ರಗಳು ಬಂದಿವೆ. ಇಲ್ಲಿ ಒಂದು ಸರಳ ಲೆಕ್ಕವನ್ನು ಗಮನಿಸಬೇಕು. ದಿನಕ್ಕೆ ಐದರಂತೆ ಎಂಟು ದಿನ ಬಿಡದೆ ನೋಡಿದವನೂ ನಲವತ್ತನ್ನು ಮೀರಲಾರ. ಅಂದರೆ ಅತ್ಯಂತ ನಿಷ್ಠಾವಂತ ಪ್ರೇಕ್ಷಕನ ಪಾಲಿಗೂ ಐದರಲ್ಲಿ ನಾಲ್ಕು ಚಿತ್ರಗಳು ಇಲ್ಲದಂತೆಯೇ ಸರಿ. ಉತ್ಸವವೊಂದಕ್ಕೆ ಹೋಗಿಬಂದ ಇಬ್ಬರು ಒಂದೇ ಉತ್ಸವವನ್ನು ನೋಡಿರುವ ಸಂಭವ ತೀರ ಕಡಿಮೆ.

ಏಕಪರದೆಯ ಚಿತ್ರಮಂದಿರಗಳ ಕಾಲದಲ್ಲಿ ಪ್ರದರ್ಶನಗಳು ನಗರದ ಬೇರೆ ಬೇರೆ ಭಾಗಗಳಲ್ಲಿ ಹಂಚಿಹೋಗಿರುತ್ತಿದ್ದವು. ಒಂದು ಚಿತ್ರ ಮುಗಿದ ಕೂಡಲೇ ಆಟೊ ಹಿಡಿದು ಇನ್ನೊಂದು ಮಂದಿರಕ್ಕೆ ಧಾವಿಸುವವರಿಗೆ ದೂರವೇ ಆಯ್ಕೆಯನ್ನು ನಿರ್ಧರಿಸುತ್ತಿತ್ತು. ಒಂದೇ ಕಟ್ಟಡದಲ್ಲಿ ಹತ್ತು ಪರದೆಗಳಿರುವ ಮಲ್ಟಿಪ್ಲೆಕ್ಸು ಬಂದ ಮೇಲೆ ದೂರ ಹೋಗಿ ಸಾಲು ಬಂದಿತು. ಮುಂದಿನ ಚಿತ್ರಕ್ಕೆ ಮುಕ್ಕಾಲು ಗಂಟೆ ಮೊದಲೇ ಸಾಲಿನಲ್ಲಿ ನಿಂತವನಿಗೆ ಈಗ ತಾನೆ ನೋಡಿದ ಚಿತ್ರವನ್ನು ಮೆಲುಕು ಹಾಕಲು ಬಿಡುವು ಅಲ್ಲಿಯೇ. ಅಪರಿಚಿತರ ನಡುವೆ ಅಲ್ಲಿ ಹುಟ್ಟುವ ಮಾತುಕತೆ, ಇದನ್ನು ಬಿಡಬೇಡಿ, ಅದಕ್ಕೆ ಹೋಗಬೇಡಿ ಎಂಬ ಬಾಯಿಮಾತಿನ ಶಿಫಾರಸು, ಮುದ್ರಿತ ಕೈಪಿಡಿಯ ಹೊಗಳಿಕೆಗಿಂತ ಹೆಚ್ಚು ಪ್ರಭಾವಶಾಲಿ. ಉತ್ಸವದಲ್ಲಿ ತೋರಿಸುವ ವಿದೇಶಿ ಚಿತ್ರಗಳಿಗೆ ಪ್ರಮಾಣಪತ್ರದಿಂದ ವಿನಾಯಿತಿ ನೀಡುವ ಅಧಿಕಾರ 1952ರ ಚಲನಚಿತ್ರ ಕಾಯ್ದೆಯನ್ವಯ ಕೇಂದ್ರ ಸರ್ಕಾರಕ್ಕಿದೆ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಕತ್ತರಿ ಕಾಣದ ಚಿತ್ರವೆಂಬ ಒಂದೇ ಕಾರಣಕ್ಕೆ ಸಾಲು ಉದ್ದವಾಗುತ್ತಿದ್ದುದನ್ನು ಆ ಕಾಲದವರು ಬಲ್ಲರು. ಹೀಗೆ ಬೇರೆ ಆಸೆಯಿಂದ ಒಳಹೊಕ್ಕು ಬರ್ಗ್‌ಮನ್ನನ ಮುಂದೆ ಎರಡು ಗಂಟೆ ಕೂರಬೇಕಾಗಿ ಬಂದವರಲ್ಲಿ ಕೆಲವರಾದರೂ ಮರುದಿನ ಬೇರೆ ಕಾರಣಕ್ಕೆ ಬಂದಿದ್ದರೆ ಆಶ್ಚರ್ಯವಿಲ್ಲ.

ದಿನದ ಕ್ರಮ ಕೇವಲ ಸಂಘಟಕರ ರುಚಿಯಿಂದ ಹುಟ್ಟುವುದಲ್ಲ. ಸೆಲ್ಯುಲಾಯ್ಡ್ ಕಾಲದಲ್ಲಿ ಎರಡು ಸಾವಿರ ಅಡಿಯ ಒಂದು ರೀಲು ಇಪ್ಪತ್ತೆರಡು ನಿಮಿಷ ಓಡುತ್ತಿತ್ತು. ಎರಡು ಗಂಟೆಯ ಚಿತ್ರವೆಂದರೆ ಐದಾರು ರೀಲುಗಳ ಪೆಟ್ಟಿಗೆ. ಆ ಪೆಟ್ಟಿಗೆ ಒಂದು ಉತ್ಸವ ಮುಗಿಸಿ ವಿಮಾನವೇರಿ ಸುಂಕದ ಕಟ್ಟೆ ದಾಟಿ ಇನ್ನೊಂದಕ್ಕೆ ಬರಬೇಕಿತ್ತು. ಬರುವುದು ತಡವಾದರೆ ವೇಳಾಪಟ್ಟಿ ತಲೆಕೆಳಗಾಗುತ್ತಿತ್ತು. ಈಗ ಚಿತ್ರ ಗೂಢಲಿಪಿಯ ಡಿಜಿಟಲ್ ರೂಪದಲ್ಲಿ ಬರುತ್ತದೆ. ಅದನ್ನು ತೆರೆಯುವ ಕೀಲಿ ನಿಗದಿತ ಯಂತ್ರದಲ್ಲಿ, ನಿಗದಿತ ಅವಧಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಪೆಟ್ಟಿಗೆ ಬಂದಿಲ್ಲವೆಂಬ ಪ್ರಕಟಣೆಯ ಜಾಗದಲ್ಲಿ ಈಗ ಕೀಲಿ ತೆರೆಯುತ್ತಿಲ್ಲವೆಂಬ ಪ್ರಕಟಣೆ ಕೇಳಿಬರುತ್ತದೆ.

ಹೇಗೇ ರೂಪುಗೊಂಡಿದ್ದರೂ, ಒಂದರ ಮಗ್ಗುಲಿಗೆ ಇನ್ನೊಂದು ಚಿತ್ರ ಬಂದು ನಿಂತಾಗ ಹೊಸ ಅರ್ಥವೊಂದು ಹುಟ್ಟುತ್ತದೆ. 1920ರ ಸುಮಾರಿನಲ್ಲಿ ರಷ್ಯದ ಕುಲೆಶೊವ್ ನಡೆಸಿದನೆನ್ನಲಾದ ಪ್ರಯೋಗ ಪ್ರಸಿದ್ಧವಾದುದು: ನಟನೊಬ್ಬನ ಭಾವರಹಿತ ಮುಖದ ಒಂದೇ ಚಿತ್ರಿಕೆಯನ್ನು ಸೂಪಿನ ತಟ್ಟೆ, ಶವಪೆಟ್ಟಿಗೆ ಮೊದಲಾದವುಗಳ ಪಕ್ಕದಲ್ಲಿ ಜೋಡಿಸಿದಾಗ ನೋಡುವವರಿಗೆ ಆ ಮುಖದಲ್ಲಿ ಹಸಿವೂ ದುಃಖವೂ ಕಂಡವು. ಉತ್ಸವದ ವೇಳಾಪಟ್ಟಿ ಇಡೀ ಚಿತ್ರಗಳ ಮಟ್ಟದಲ್ಲಿ ಇದೇ ಕೆಲಸವನ್ನು ಮಾಡುತ್ತದೆ. ಕುಲೆಶೊವ್ ತಿಳಿದು ಮಾಡಿದ್ದನ್ನು ಇಲ್ಲಿ ಬಹುಪಾಲು ಆಕಸ್ಮಿಕವೇ ಮಾಡುತ್ತದೆ ಎಂಬುದಷ್ಟೇ ವ್ಯತ್ಯಾಸ.

ಒಂದು ಸಾಧ್ಯ ಜೋಡಣೆಯನ್ನು ಪರಿಶೀಲಿಸಬಹುದು. ಬೆಳಗಿನ ಪ್ರದರ್ಶನದಲ್ಲಿ ಹಂಗೇರಿಯ ಬೆಲಾ ತಾರ್ ಅವರ ‘ದ ಟ್ಯೂರಿನ್ ಹಾರ್ಸ್’ (2011) ಇದೆಯೆಂದುಕೊಳ್ಳೋಣ. ಸುಮಾರು ಎರಡೂವರೆ ಗಂಟೆಯ ಈ ಕಪ್ಪುಬಿಳುಪಿನ ಚಿತ್ರದಲ್ಲಿ ಇರುವುದು ಮೂವತ್ತರಷ್ಟೇ ಚಿತ್ರಿಕೆಗಳು. ಬಯಲಿನ ಒಂಟಿ ಮನೆಯಲ್ಲಿ ಒಬ್ಬ ತಂದೆ, ಒಬ್ಬ ಮಗಳು, ಒಂದು ಕುದುರೆ. ಹೊರಗೆ ನಿಲ್ಲದ ಗಾಳಿ. ಬಲಗೈ ಸ್ವಾಧೀನವಿಲ್ಲದ ತಂದೆಗೆ ಮಗಳು ಬಟ್ಟೆ ತೊಡಿಸುತ್ತಾಳೆ, ಬಾವಿಯಿಂದ ನೀರು ತರುತ್ತಾಳೆ, ಆಲೂಗಡ್ಡೆ ಬೇಯಿಸುತ್ತಾಳೆ. ತಂದೆ ಬಿಸಿಯಾರುವ ಮೊದಲೇ ಒಂದು ಕೈಯಲ್ಲಿ ಸಿಪ್ಪೆ ಕಿತ್ತು ತಿನ್ನುತ್ತಾನೆ. ಆರು ದಿನಗಳ ಕಥೆಯಲ್ಲಿ ಇದು ಮರಳಿ ಮರಳಿ ಬರುತ್ತದೆ. ಪ್ರತಿ ಸಲವೂ ಕ್ಯಾಮರಾ ಬೇರೆ ಕಡೆ ನಿಂತಿರುತ್ತದೆ. ಕುದುರೆ ಮೇವು ಬಿಡುತ್ತದೆ, ಬಾವಿ ಬತ್ತುತ್ತದೆ, ಕೊನೆಗೆ ದೀಪ ಹೊತ್ತುವುದಿಲ್ಲ. ಇದನ್ನು ನೋಡಿ ಹೊರಬಂದ ಪ್ರೇಕ್ಷಕ ಊಟ ಮುಗಿಸಿ ಕಿಯಾರೊಸ್ತಮಿಯ ‘ವೇರ್ ಈಸ್ ದ ಫ್ರೆಂಡ್ಸ್ ಹೌಸ್?’ (1987) ಚಿತ್ರಕ್ಕೆ ಕೂರುತ್ತಾನೆ. ಸಹಪಾಠಿಯ ನೋಟುಬುಕ್ಕನ್ನು ತಪ್ಪಿ ಮನೆಗೆ ತಂದ ಹುಡುಗ ಅದನ್ನು ಹಿಂದಿರುಗಿಸಲು ಗುಡ್ಡದ ಮೇಲಿನ ಅಂಕುಡೊಂಕಿನ ದಾರಿಯಲ್ಲಿ ಪಕ್ಕದೂರಿಗೆ ಓಡುತ್ತಾನೆ, ಮನೆ ಸಿಗುವುದಿಲ್ಲ. ಬೇರೊಂದು ದಿನ, ಅಬ್ಬರದ ಚಿತ್ರವೊಂದರ ನಂತರ ನೋಡಿದರೆ ಇದು ನಿಧಾನದ ಚಿತ್ರ. ತಾರ್ ಅವರ ನಂತರ ಅದೇ ಚಿತ್ರ ಓಟದ ಚಿತ್ರವಾಗುತ್ತದೆ. ಆ ಗುಡ್ಡದ ದಾರಿ ಬದುಕಿನ ಪರವಾದ ಒಂದು ಹೇಳಿಕೆಯಂತೆ ಕಾಣುತ್ತದೆ. ಸಂಜೆಗೆ ‘ಬೈಸಿಕಲ್ ಥೀವ್ಸ್’ ಇದ್ದರಂತೂ, ಕಳೆದ ವಸ್ತುವೊಂದನ್ನು ಹುಡುಕುತ್ತ ರೋಮಿನ ಬೀದಿಗಳಲ್ಲಿ ತಂದೆಯ ಹಿಂದೆ ನಡೆಯುವ ಹುಡುಗ ಬ್ರೂನೊನಲ್ಲಿ ಇರಾನಿನ ಅಹ್ಮದನ ಅಣ್ಣನೇ ಕಾಣಿಸಿಕೊಂಡಾನು. ಇಂತಹ ಬಾಂಧವ್ಯ ಯಾವ ಚಿತ್ರದ ಒಳಗೂ ಇಲ್ಲ. ಅದು ಆ ದಿನದ ಸೃಷ್ಟಿ, ಅಂದು ಆ ಮೂರನ್ನೂ ನೋಡಿದವರಲ್ಲಿ ಮಾತ್ರ ಉಳಿಯುವಂಥದು. ಬಿಡಿ ಚಿತ್ರಗಳ ವಿಮರ್ಶೆಯಲ್ಲಿ ಇದಕ್ಕೆ ಸ್ಥಾನವಿಲ್ಲದಿರುವುದು ಸಣ್ಣ ಕೊರತೆಯಲ್ಲ.

ಕೆಲವು ಚಿತ್ರಗಳು ಇಡೀ ದಿನವನ್ನೇ ಆವರಿಸಿಬಿಡುತ್ತವೆ. ತಾರ್ ಅವರದೇ ‘ಸಾತಾಂತಾಂಗೊ’ (1994) ಏಳು ಗಂಟೆಗೂ ಮೀರಿದ್ದು. 2025ರ ನೊಬೆಲ್ ಸಾಹಿತ್ಯ ಪುರಸ್ಕೃತ ಲಾಸ್ಲೊ ಕ್ರಾಸ್ನಹೊರ್ಕಾಯಿ ಅವರ ಕಾದಂಬರಿ ಅದರ ಆಧಾರ. ಫಿಲಿಪ್ಪೀನ್ಸಿನ ಲಾವ್ ಡಿಯಾಜ್ ಅವರ ಎಂಟು ಗಂಟೆಯ ಚಿತ್ರವೊಂದು 2016ರ ಬರ್ಲಿನ್ ಸ್ಪರ್ಧೆಯಲ್ಲಿತ್ತು. ಇಂತಹವುಗಳ ಮುಂದೆ ಪ್ರೇಕ್ಷಕ ತೂಕಡಿಸುವುದುಂಟು. ಇದನ್ನು ಅಪರಾಧವೆಂದು ಭಾವಿಸಬೇಕಾಗಿಲ್ಲ; ತಮ್ಮನ್ನು ನಿದ್ರೆಗೆ ದೂಡುವ ಚಿತ್ರಗಳೂ ತಮಗೆ ಪ್ರಿಯವೆಂದು ಕಿಯಾರೊಸ್ತಮಿಯವರೇ ಹೇಳಿದ್ದರು. ರಾತ್ರಿಯಿಡೀ ಯಕ್ಷಗಾನ ಬಯಲಾಟ ನೋಡಿದ ಪರಂಪರೆಯವರಿಗೆ ಈ ಮಾತು ವಿಚಿತ್ರವಾಗಿ ಕೇಳಿಸಲಾರದು. ಅಲ್ಲಿ ನಡುರಾತ್ರಿಯ ಒಂದು ಜೊಂಪು ಆಟದ ಭಾಗವೇ. ಚೆಂಡೆಯ ಸದ್ದಿಗೆ ಎಚ್ಚೆತ್ತವನು ಕಥೆಯ ಎಳೆಯನ್ನು ಮತ್ತೆ ಹಿಡಿಯುತ್ತಾನೆ, ಏಕೆಂದರೆ ಪ್ರಸಂಗ ಅವನಿಗೆ ಮೊದಲೇ ಗೊತ್ತು. ದೀರ್ಘ ವೀಕ್ಷಣೆಯ ಅಭ್ಯಾಸ ಯುರೋಪಿನ ಉತ್ಸವಗಳಿಂದ ನಮಗೆ ಬಂದದ್ದೆಂಬ ಗ್ರಹಿಕೆಯನ್ನು ಈ ಹಿನ್ನೆಲೆಯಲ್ಲಿ ಮರುಪರಿಶೀಲಿಸಬೇಕಾಗುತ್ತದೆ.

ದಿನದ ಈ ವೇಗಕ್ಕೆ ಒಂದು ಅಪಾಯವೂ ಇದೆ. ಅಮೆರಿಕದ ವಿದ್ವಾಂಸ ಬಿಲ್ ನಿಕೋಲ್ಸ್ 1994ರಲ್ಲಿ ಉತ್ಸವಗಳಲ್ಲಿ ಇರಾನಿ ಚಿತ್ರಗಳನ್ನು ನೋಡುವ ಬಗೆಯನ್ನು ವಿಶ್ಲೇಷಿಸುತ್ತ, ಪರಕೀಯ ಸಂಸ್ಕೃತಿಯ ಚಿತ್ರವನ್ನು ನೋಡುವವನು ಪ್ರವಾಸಿಯಂತೆ ವರ್ತಿಸುತ್ತಾನೆ, ಪರಿಚಿತ ರೂಪವೊಂದನ್ನು ಹುಡುಕಿ ಅದರ ಮೂಲಕ ಅರ್ಥವನ್ನು ಊಹಿಸಿಕೊಳ್ಳುತ್ತಾನೆ ಎಂದು ವಾದಿಸಿದರು. ಒಂದೇ ಚಿತ್ರ ಇಡೀ ದೇಶದ ಪ್ರತಿನಿಧಿಯಾಗಿಬಿಡುತ್ತದೆ. ಮಧ್ಯಾಹ್ನದ ಪ್ರದರ್ಶನ ಇರಾನ್ ಎಂದೇ ನೆನಪಿನಲ್ಲಿ ಉಳಿಯುತ್ತದೆ, ಚಿತ್ರದ ಹೆಸರು ಮರೆತುಹೋಗುತ್ತದೆ. ಸಾಲಿನಲ್ಲಿ ನಿಂತವರ ಮಾತಿನಲ್ಲೂ ಚಿತ್ರಗಳಿಗೆ ದೇಶದ ಹೆಸರೇ ಹೆಸರು.

ಇನ್ನು ಭಾಷೆಯ ಪ್ರಶ್ನೆ. ಕರ್ನಾಟಕದ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆಯೆಂದು ಹೇಳಬೇಕು. ಭಾರತದ ಉತ್ಸವಗಳಲ್ಲಿ ವಿದೇಶಿ ಚಿತ್ರಗಳು ಸಾಮಾನ್ಯವಾಗಿ ಇಂಗ್ಲಿಷ್ ಉಪಶೀರ್ಷಿಕೆಗಳೊಂದಿಗೆ ಬರುತ್ತವೆ. ಉಪಶೀರ್ಷಿಕೆಯೆಂದರೆ ಪರದೆಯ ಕೆಳಗೆ ಎರಡು ಸಾಲು. ಸಾಲಿಗೆ ನಲವತ್ತರಷ್ಟು ಅಕ್ಷರ. ಹೆಚ್ಚೆಂದರೆ ಆರೇಳು ಸೆಕೆಂಡು. ಮೂಲದ ಮಾತು ಎಷ್ಟೇ ವಿಸ್ತಾರವಾಗಿದ್ದರೂ ಈ ಅಳತೆಗೆ ಇಳಿಯಬೇಕು. ಆದ್ದರಿಂದ ಅದು ಅನುವಾದಕ್ಕಿಂತ ಹೆಚ್ಚಾಗಿ ಸಂಗ್ರಹ. ಕನ್ನಡವನ್ನಷ್ಟೇ ಸರಾಗವಾಗಿ ಓದಬಲ್ಲವನಿಗೆ ಈ ಸಂಗ್ರಹವೂ ದಕ್ಕುವುದಿಲ್ಲ. ಇಂಗ್ಲಿಷನ್ನು ತಡೆತಡೆದು ಓದುವವನ ಕಣ್ಣು ಮುಖಗಳ ಮೇಲೆ ನಿಲ್ಲಲಾರದೆ ಅಕ್ಷರಗಳ ಮೇಲೆಯೇ ಓಡುತ್ತಿರುತ್ತದೆ. ಎರಡನೆಯ ಸಾಲು ಮುಗಿಯುವ ಮೊದಲೇ ಮಾತು ಮಾಯವಾಗಿರುತ್ತದೆ. ಬೆಳಗಿನ ಚಿತ್ರದಲ್ಲಿ ಹೇಗೋ ನಿಭಾಯಿಸಿದವನಿಗೆ ನಾಲ್ಕನೆಯ ಚಿತ್ರದ ಹೊತ್ತಿಗೆ ದಣಿವಾಗುತ್ತದೆ. ಪರ್ಷಿಯನ್, ಜಪಾನಿ, ಸ್ಪ್ಯಾನಿಶ್ ಎಲ್ಲವೂ ಇಂಗ್ಲಿಷೆಂಬ ಒಂದೇ ಬಾಗಿಲಿನಿಂದ ಬರುವ ಕಾರಣ, ವಿಶ್ವಸಿನಿಮಾದ ಪ್ರೇಕ್ಷಕರಾಗುವ ಅರ್ಹತೆ ಇಂಗ್ಲಿಷ್ ವಿದ್ಯಾಭ್ಯಾಸದ ಅರ್ಹತೆಯೇ ಆಗಿಹೋಗಿದೆ. ಹಳ್ಳಿಯಿಂದಲೋ ಸಣ್ಣ ಊರಿನಿಂದಲೋ ಬಂದು, ಪ್ರತಿನಿಧಿ ಶುಲ್ಕ ತೆತ್ತು, ಕೊನೆಯ ಸಾಲಿನಲ್ಲಿ ಕುಳಿತ ಯುವಕನ ಪಾಲಿಗೆ ಉತ್ಸವ ಎಷ್ಟು ತೆರೆದಿದೆ ಎಂಬುದನ್ನು ಸಂಘಟಕರ ಅಂಕಿಸಂಖ್ಯೆಗಳು ತಿಳಿಸುವುದಿಲ್ಲ.

ಈ ಪ್ರಶ್ನೆಗೆ ಕರ್ನಾಟಕದಲ್ಲೇ ಒಂದು ಉತ್ತರವನ್ನು ಹುಡುಕಲಾಗಿತ್ತು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾದ ನೀನಾಸಂ, 1973ರಲ್ಲಿ ಕೆ.ವಿ. ಸುಬ್ಬಣ್ಣ ಅವರ ನೇತೃತ್ವದಲ್ಲಿ ಚಿತ್ರಸಮಾಜವನ್ನು ಕಟ್ಟಿತು. ಅಡಿಕೆ ತೋಟದ ಕೆಲಸ ಮುಗಿಸಿ ಬಂದ ಗ್ರಾಮಸ್ಥರ ಮುಂದೆ ‘ರಾಶೊಮಾನ್’, ‘ಬೈಸಿಕಲ್ ಥೀವ್ಸ್’, ‘ಪಥೇರ್ ಪಾಂಚಾಲಿ’ಗಳು ಪ್ರದರ್ಶನಗೊಂಡವು. ಎಪ್ಪತ್ತರ ದಶಕ ಮುಗಿಯುವ ವೇಳೆಗೆ ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದ ಸತೀಶ್ ಬಹಾದೂರ್ ಅವರ ನೆರವಿನಿಂದ ಚಿತ್ರರಸಗ್ರಹಣ ಶಿಬಿರಗಳೂ ನಡೆದವು. ಅಕ್ಷರ ಪ್ರಕಾಶನವು ಚಲನಚಿತ್ರವನ್ನು ಕುರಿತ ಕನ್ನಡ ಪುಸ್ತಕಗಳನ್ನು ಹೊರತಂದಿತು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದುದರ ಹಿಂದೆ ರಂಗಭೂಮಿಯ ಕೆಲಸದ ಜೊತೆಗೆ ಈ ಕೆಲಸವೂ ಇತ್ತು.

ಹೆಗ್ಗೋಡಿನ ವಿಧಾನದ ಮಹತ್ವವೆಂದರೆ ಚಿತ್ರದ ಹಿನ್ನೆಲೆಯನ್ನು ಕನ್ನಡದಲ್ಲಿ ತಿಳಿಸುವುದು ಮತ್ತು ನೋಡಿದ ಮೇಲೆ ಕನ್ನಡದಲ್ಲಿಯೇ ಚರ್ಚಿಸುವುದು. ನಗರದ ಉತ್ಸವಗಳಲ್ಲಿ ಕಥೆಯನ್ನು ಮೊದಲೇ ಹೇಳಿಬಿಡುವುದು ರಸಭಂಗವೆಂದು ಭಾವಿಸಲಾಗುತ್ತದೆ. ಈ ಭಾವನೆ ಕಥೆಯ ಕುತೂಹಲವನ್ನೇ ನೆಚ್ಚಿದ ವ್ಯಾಪಾರಿ ಚಿತ್ರಗಳಿಂದ ಬಂದದ್ದು. ಪ್ರಸಂಗ ಗೊತ್ತಿದ್ದೂ ಆಟಕ್ಕೆ ಹೋಗುವ ಮಲೆನಾಡಿನ ಪ್ರೇಕ್ಷಕನಿಗೆ ಮುಂದೇನು ಎಂಬುದಕ್ಕಿಂತ ಹೇಗೆ ಎಂಬುದು ಮುಖ್ಯ. ಸೈಕಲ್ಲು ಮರಳಿ ಸಿಗುವುದಿಲ್ಲವೆಂಬುದು ಮೊದಲೇ ತಿಳಿದಿದ್ದರೆ, ಅಕ್ಷರಗಳ ಬೆನ್ನುಹತ್ತುವ ಕಷ್ಟದಿಂದ ಬಿಡುಗಡೆಗೊಂಡ ಕಣ್ಣು ತಂದೆಯ ಮುಖವನ್ನು, ಮಗನ ನಡಿಗೆಯನ್ನು, ಮಳೆಯಲ್ಲಿ ನೆನೆದ ಬೀದಿಯನ್ನು ನೋಡುತ್ತದೆ. ಉಪಶೀರ್ಷಿಕೆಗಿಂತ ಇದು ಕೆಳಮಟ್ಟದ ಪರಿಹಾರವೆಂದು ತಿಳಿಯಬೇಕಾಗಿಲ್ಲ. ಕೆಲವು ಬಗೆಯ ಚಿತ್ರಗಳಿಗೆ ಇದೇ ಮೇಲು. ಆದರೆ ಇದಕ್ಕೆ ಬಿಡುವು ಬೇಕು. ದಿನಕ್ಕೊಂದು ಎರಡು ಚಿತ್ರಗಳನ್ನಷ್ಟೇ ತೋರಿಸಿ ಉಳಿದ ಹೊತ್ತನ್ನು ಮಾತಿಗೆ ಮೀಸಲಿಡಬೇಕು. ಐದು ಪ್ರದರ್ಶನಗಳ ದಿನದಲ್ಲಿ ಮಾತಿಗೆ ಉಳಿಯುವುದು ಚಹಾದ ವೇಳೆಯಷ್ಟೇ. ಇನ್ನೂರು ಚಿತ್ರಗಳ ಉತ್ಸವವನ್ನೇ ಸಾಧನೆಯೆಂದು ಎಣಿಸುವ ಮನೋಭಾವಕ್ಕೆ ಇಂತಹ ದಿನ ಬಡವಾಗಿ ಕಂಡೀತು.

ಕನ್ನಡದ ಚಿತ್ರ ಹೊರದೇಶದ ಉತ್ಸವಕ್ಕೆ ಹೋದಾಗ ಪಾತ್ರಗಳು ಅದಲುಬದಲಾಗುತ್ತವೆ. ಪಟ್ಟಾಭಿರಾಮ ರೆಡ್ಡಿ ಅವರ ‘ಸಂಸ್ಕಾರ’ 1972ರಲ್ಲಿ ಲೊಕಾರ್ನೊದಲ್ಲಿ ಕಂಚಿನ ಚಿರತೆ ಪಡೆಯಿತು. ಅದೇ ಊರಿನಲ್ಲಿ 2015ರಲ್ಲಿ ರಾಮ್ ರೆಡ್ಡಿ ಅವರ ‘ತಿಥಿ’ಗೆ ಎರಡು ಚಿನ್ನದ ಚಿರತೆಗಳು ಬಂದವು. ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ಸಿನ ಅಭಿಜಾತ ಚಿತ್ರಗಳ ವಿಭಾಗದಲ್ಲಿ ತೋರಿಸಲ್ಪಟ್ಟಿತು. ‘ತಿಥಿ’ಯಲ್ಲಿ ಅಭಿನಯಿಸಿದವರು ಮಂಡ್ಯ ಸೀಮೆಯ ಹಳ್ಳಿಗರು, ಆ ಚಿತ್ರದ ಅರ್ಧ ಜೀವ ಅವರ ಬೈಗುಳದಲ್ಲಿ, ರಾಗದಲ್ಲಿ, ಮಾತನ್ನು ಅರ್ಧಕ್ಕೆ ಬಿಡುವ ಬಗೆಯಲ್ಲಿ ಇದೆ. ಅದಾವುದೂ ನಲವತ್ತು ಅಕ್ಷರದ ಸಾಲಿನಲ್ಲಿ ಹಿಡಿಸುವಂಥದಲ್ಲ. ಅಂದು ಲೊಕಾರ್ನೊದಲ್ಲಿ ಕುಳಿತು ಅದನ್ನು ಓದುತ್ತ ನೋಡಿದವನಿಗೆ ‘ತಿಥಿ’ ಭಾರತವಾಗಿ ಉಳಿದಿರಬಹುದು. ತಾರ್ ಅವರ ಒಂಟಿ ಮನೆ ಬೆಂಗಳೂರಿನ ಪ್ರೇಕ್ಷಕನಿಗೆ ಹಂಗೇರಿಯಾಗಿ ಉಳಿದಷ್ಟೇ ಪ್ರಮಾಣದಲ್ಲಿ. ಮೂಲದ ಮಾತಿನಲ್ಲಿ ಏನು ಕಳೆದುಹೋಗುತ್ತದೆಂಬುದನ್ನು ತನ್ನ ಭಾಷೆಯ ಚಿತ್ರದ ಮೂಲಕ ಬಲ್ಲ ಕನ್ನಡ ಪ್ರೇಕ್ಷಕ ಬೇರೆಯವರ ಚಿತ್ರದ ಮುಂದೆ ಸ್ವಲ್ಪ ಎಚ್ಚರದಿಂದ ಕೂರಬಲ್ಲ.

ಸಂಶೋಧಕರಿಗೆ ಇಲ್ಲೊಂದು ಪ್ರಾಯೋಗಿಕ ತೊಡಕಿದೆ. ಉತ್ಸವದ ಕೈಪಿಡಿಗಳು ದಪ್ಪ ಹೊದಿಕೆಯ ಪುಸ್ತಕಗಳಾದ್ದರಿಂದ ಗ್ರಂಥಾಲಯಗಳಲ್ಲಿ ಅಲ್ಲಲ್ಲಿ ಉಳಿದಿರುತ್ತವೆ. ಅವುಗಳಲ್ಲಿ ಚಿತ್ರದ ಹೆಸರು, ದೇಶ, ನಿರ್ದೇಶಕ, ಅವಧಿ, ಕಥಾಸಾರ ಇರುತ್ತವೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ಚಿತ್ರಕ್ಕೆ ಎದುರಾಗಿ ಎಂಬುದು ಇರುವುದಿಲ್ಲ. ಅದನ್ನು ತಿಳಿಸುವುದು ಹಾಳೆಯ ರೂಪದ ವೇಳಾಪಟ್ಟಿ, ದಿನಂಪ್ರತಿ ಹಂಚುವ ವಾರ್ತಾಪತ್ರ, ಬದಲಾದ ಪ್ರದರ್ಶನಗಳನ್ನು ಬರೆದು ಅಂಟಿಸಿದ ಸೂಚನೆ ಮತ್ತು ಪ್ರೇಕ್ಷಕರ ಟಿಪ್ಪಣಿ ಪುಸ್ತಕ. ಇವು ಉತ್ಸವ ಮುಗಿದ ಸಂಜೆಯೇ ಕಸದ ಬುಟ್ಟಿ ಸೇರುತ್ತವೆ. ಮುದ್ರಣ ನಿಂತು ಎಲ್ಲವೂ ಮೊಬೈಲಿನ ಪರದೆಗೆ ಬಂದ ಮೇಲಂತೂ ಕಸವೂ ಉಳಿಯುವುದಿಲ್ಲ. ಫಿಲ್ಮ್ ಸೊಸೈಟಿಗಳ ಕಪಾಟುಗಳಲ್ಲಿ, ಹಳೆಯ ಸದಸ್ಯರ ಮನೆಗಳಲ್ಲಿ, ಪತ್ರಿಕಾ ಕಚೇರಿಗಳ ಕಡತಗಳಲ್ಲಿ ಇಂತಹ ಹಾಳೆಗಳು ಇನ್ನೂ ಇರಬಹುದಾದಲ್ಲಿ ಅವನ್ನು ಸಂಗ್ರಹಿಸಿ ದಿನಾಂಕವಾರು ಜೋಡಿಸುವ ಕೆಲಸ ಆಗಬೇಕಾಗಿದೆ. ಪುರವಣಿಗಳಲ್ಲಿ ಪ್ರಕಟವಾದ ಕನ್ನಡದ ಉತ್ಸವ ವರದಿಗಳನ್ನು ಈ ಹಾಳೆಗಳ ಪಕ್ಕದಲ್ಲಿಟ್ಟು ಓದಿದರೆ, ವರದಿಗಾರ ಯಾವ ಚಿತ್ರದ ನಂತರ ಯಾವುದನ್ನು ನೋಡಿ ಆ ಮಾತನ್ನು ಬರೆದ ಎಂಬುದು ಗೊತ್ತಾಗುತ್ತದೆ.